ಲಿನಕ್ಸ್‌ನಲ್ಲಿ ಫಾರೋ ಹಾಕಿಕೊಳ್ಳುವುದು: ಇನ್‌ಸ್ಟಾಲ್ ಸುಲಭ, ಎಡವುವುದು ಆಮೇಲೆ

"ಫಾರೋ ಹಾಕಿಕೊಂಡೆ, ಆದರೆ ನಾನು ಬರೆದ ಕೋಡ್ ಯಾವ ಫೈಲ್‌ನಲ್ಲಿದೆ ಅಂತಲೇ ಗೊತ್ತಾಗುತ್ತಿಲ್ಲ." "ಕಮಾಂಡ್ ಕೊಟ್ಟೆ, ವಿಂಡೋನೇ ತೆರೆಯಲಿಲ್ಲ." "ನಿನ್ನೆ ಸೇವ್ ಮಾಡಿದ್ದೆ, ಇವತ್ತು ನೋಡಿದರೆ ಏನೂ ಇಲ್ಲ." ಈ ಮೂರು ಪ್ರಶ್ನೆಗಳು ಬಂದಷ್ಟು ಸಲ ಬೇರೆ ಯಾವುದೂ ಬಂದಿಲ್ಲ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಫಾರೋ ಇನ್‌ಸ್ಟಾಲ್ ಮಾಡಲು ಹತ್ತು ನಿಮಿಷ ಸಾಕು. ಅದರ ರೀತಿ ಬೇರೆ ಸಾಫ್ಟ್‌ವೇರ್‌ಗಳ ಹಾಗಿಲ್ಲ, ತೊಂದರೆ ಇರುವುದು ಅಲ್ಲಿ. ಅದಕ್ಕೇ ಇನ್‌ಸ್ಟಾಲ್‌ಗಿಂತ ಮೊದಲು ಸ್ವಲ್ಪ ವಿವರಣೆ ಕೊಡುತ್ತೇನೆ. ದಯವಿಟ್ಟು ಅದನ್ನು ಹಾರಿಸಿ ಓದಬೇಡಿ. ಹಾರಿಸಿದವರೇ ಆಮೇಲೆ ಮೂರನೇ ಪ್ರಶ್ನೆ ಕೇಳುವುದು.

ಇನ್ನೊಂದು ಮಾತು. ಕಮಾಂಡ್‌ಗಳನ್ನೂ ಮೆನು ಹೆಸರುಗಳನ್ನೂ ಇಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು. ದೊಡ್ಡಕ್ಷರ ಬೇಕು ಅಂತ ಹೇಳಿರದಿದ್ದರೆ ಎಲ್ಲವೂ ಸಣ್ಣಕ್ಷರ. ಲಿನಕ್ಸ್‌ಗೆ ಎರಡೂ ಬೇರೆ ಬೇರೆ.

ಫಾರೋ ಅಂದರೆ ಏನು?

ಫಾರೋ ಒಂದು ಪ್ರೋಗ್ರಾಮಿಂಗ್ ಭಾಷೆ. ಆ ಭಾಷೆಯಲ್ಲಿ ಕೆಲಸ ಮಾಡಲು ಬೇಕಾದ ಇಡೀ ವಾತಾವರಣವೂ ಅದೇ. ಎಡಿಟರ್, ತಪ್ಪು ಹುಡುಕುವ ಡಿಬಗರ್, ಟೆಸ್ಟ್ ಓಡಿಸುವ ಸಾಧನ, ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಜೊತೆ ಮಾತಾಡುವ ಸಾಧನ ಎಲ್ಲವೂ ಒಂದೇ ವಿಂಡೋ ಒಳಗೆ ಸಿಗುತ್ತವೆ.

ಇದರ ಮೂಲ ಸ್ಮಾಲ್‌ಟಾಕ್. 1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮತ್ತು ಅವರ ಜೊತೆಗಾರರು ಕಟ್ಟಿದ ಭಾಷೆ ಅದು. 1996ರಲ್ಲಿ ಅದರಿಂದ ಸ್ಕ್ವೀಕ್ ಅನ್ನುವ ಮುಕ್ತ ಆವೃತ್ತಿ ಬಂತು. 2008ರಲ್ಲಿ ಸ್ಕ್ವೀಕ್‌ನಿಂದ ಕವಲೊಡೆದು ಫಾರೋ ಶುರುವಾಯಿತು. ಇದು ಪೂರ್ತಿ ಉಚಿತ. ಹೆಚ್ಚಿನ ಭಾಗ ಎಂಐಟಿ ಲೈಸೆನ್ಸ್‌ನಲ್ಲಿದೆ. ಅಂದರೆ ಬಳಸಬಹುದು, ತಿದ್ದಬಹುದು, ಇದರಲ್ಲಿ ಮಾಡಿದ್ದನ್ನು ಮಾರಲೂಬಹುದು.

ಫಾರೋ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆ. ಹಾಗಂದರೆ ಸರಳ ಅರ್ಥ ಇಷ್ಟೇ. ಮಾಹಿತಿಯನ್ನೂ ಆ ಮಾಹಿತಿಯ ಮೇಲೆ ಮಾಡುವ ಕೆಲಸವನ್ನೂ ಒಂದೇ ಗಂಟಾಗಿ ಕಟ್ಟಿಡುವುದು. ಆ ಗಂಟೇ ಆಬ್ಜೆಕ್ಟ್. ಒಂದು ಆಬ್ಜೆಕ್ಟ್ ಇನ್ನೊಂದಕ್ಕೆ ಸಂದೇಶ ಕಳಿಸುತ್ತದೆ, ಅದು ಉತ್ತರ ಕೊಡುತ್ತದೆ. ಬೇರೆ ಭಾಷೆಗಳಲ್ಲಿ ಇದು ಹಲವು ಸೌಲಭ್ಯಗಳಲ್ಲಿ ಒಂದು. ಫಾರೋದಲ್ಲಿ ಇದನ್ನು ಬಿಟ್ಟು ಬೇರೆ ಏನೂ ಇಲ್ಲ. 3 ಅನ್ನುವ ಸಂಖ್ಯೆ ಆಬ್ಜೆಕ್ಟ್, ನೀವು ನೋಡುತ್ತಿರುವ ವಿಂಡೋ ಆಬ್ಜೆಕ್ಟ್, ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚು, ಅಂದರೆ ಕ್ಲಾಸ್, ಅದೂ ಆಬ್ಜೆಕ್ಟ್.

ನಾಲ್ಕು ಫೈಲ್‌ಗಳ ಕಥೆ

ಹಾರಿಸಬೇಡಿ ಅಂದ ಭಾಗ ಇದು. ಫಾರೋ ಓಡಬೇಕಾದರೆ ನಾಲ್ಕು ವಸ್ತು ಬೇಕು.

ಮೊದಲನೆಯದು ವರ್ಚುವಲ್ ಮಷೀನ್. ಚಿಕ್ಕದಾಗಿ ವಿಎಂ. ನಿಮ್ಮ ಪ್ರೊಸೆಸರ್‌ಗೆ ಅರ್ಥವಾಗುವ ನಿಜವಾದ ಲಿನಕ್ಸ್ ಪ್ರೋಗ್ರಾಂ ಇದೊಂದೇ. ಇಲ್ಲಿ ವಿಎಂ ಅಂದರೆ ಒಂದು ಕಂಪ್ಯೂಟರ್ ಒಳಗೆ ಇನ್ನೊಂದು ಆಪರೇಟಿಂಗ್ ಸಿಸ್ಟಂ ಓಡಿಸುವ ಆ ವಿಎಂ ಅಲ್ಲ. ಹೆಸರು ಒಂದೇ, ಕೆಲಸ ಬೇರೆ.

ಎರಡನೆಯದು ಇಮೇಜ್ ಫೈಲ್. ಹೆಸರು ಕೇಳಿ ಚಿತ್ರ ಅಂದುಕೊಳ್ಳಬೇಡಿ. ಡಿಸ್ಕ್‌ಗೆ ಬರೆಯುವ ಐಎಸ್‌ಒ ಇಮೇಜ್ ಕೂಡ ಅಲ್ಲ. ಫಾರೋ ಒಳಗಿನ ಪ್ರತಿಯೊಂದು ಆಬ್ಜೆಕ್ಟ್ ಆ ಕ್ಷಣಕ್ಕೆ ಹೇಗಿತ್ತೋ ಹಾಗೇ ಹಿಡಿದಿಟ್ಟ ಫೈಲ್ ಇದು. ತೆರೆದಿದ್ದ ವಿಂಡೋಗಳು, ಅರ್ಧ ಬರೆದ ಸಾಲು, ನಿಮ್ಮ ಕ್ಲಾಸ್‌ಗಳು ಎಲ್ಲವೂ ಅದರಲ್ಲಿರುತ್ತವೆ. ಲ್ಯಾಪ್‌ಟಾಪ್ ಅನ್ನು ನಿದ್ದೆಗೆ ಹಾಕಿ ಮತ್ತೆ ಎಬ್ಬಿಸಿದರೆ ಎಲ್ಲ ಬಿಟ್ಟಲ್ಲೇ ಇರುತ್ತದೆ ಅಲ್ವಾ, ಹಾಗೆ.

ಮೂರನೆಯದು ಚೇಂಜಸ್ ಫೈಲ್. ನೀವು ಬರೆದ, ತಿದ್ದಿದ ಕೋಡ್‌ನ ಪಠ್ಯ ಒಂದರ ಕೆಳಗೊಂದು ಇದರಲ್ಲಿ ಸೇರುತ್ತಾ ಹೋಗುತ್ತದೆ. ನಾಲ್ಕನೆಯದು ಸೋರ್ಸಸ್ ಫೈಲ್. ಫಾರೋ ಜೊತೆಗೇ ಬಂದ ಮೂಲ ಕೋಡ್‌ನ ಪಠ್ಯ ಇದರಲ್ಲಿದೆ. ಇದನ್ನು ಓದುತ್ತಾರೆ, ತಿದ್ದುವುದಿಲ್ಲ.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಜಾವಾ ಅಥವಾ ಪೈಥಾನ್‌ನಲ್ಲಿ ಇರುವ ಹಾಗೆ ಒಂದು ಕ್ಲಾಸ್‌ಗೆ ಒಂದು ಫೈಲ್ ಅಂತ ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಕೋಡ್ ಇಮೇಜ್ ಒಳಗಿದೆ, ಅದರ ಪಠ್ಯ ಚೇಂಜಸ್ ಫೈಲ್‌ನಲ್ಲಿದೆ. ಆದ್ದರಿಂದ ಇಮೇಜ್ ಮತ್ತು ಚೇಂಜಸ್ ಯಾವಾಗಲೂ ಜೋಡಿ. ಒಂದನ್ನು ಬೇರೆ ಕಡೆ ಕಾಪಿ ಮಾಡಿದರೆ ಇನ್ನೊಂದನ್ನೂ ಮಾಡಬೇಕು. ಒಂದರ ಹೆಸರು ಬದಲಿಸಿದರೆ ಇನ್ನೊಂದರ ಹೆಸರನ್ನೂ ಬದಲಿಸಬೇಕು. ಸೋರ್ಸಸ್ ಫೈಲ್ ಬಿಟ್ಟು ಇಮೇಜ್ ಮಾತ್ರ ಎತ್ತಿಕೊಂಡು ಹೋದರೆ ಫಾರೋ ತೆರೆಯುತ್ತದೇನೋ ನಿಜ. ಆದರೆ ಅದರ ಕೋಡ್ ನೋಡಲು ಹೋದಾಗ ಕಾಮೆಂಟ್‌ಗಳೆಲ್ಲ ಮಾಯವಾಗಿ, ವೇರಿಯಬಲ್ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಬೇರೆ ಹೆಸರುಗಳು ಕಾಣಿಸುತ್ತವೆ. ಕೋಡ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಸೋರ್ಸಸ್ ಫೈಲ್ ತಂದು ಪಕ್ಕದಲ್ಲಿಟ್ಟು ಮತ್ತೆ ತೆರೆಯಿರಿ, ಸಾಕು.

ಹಂತ 1: ನಿಮ್ಮ ಲಿನಕ್ಸ್ ಯಾವುದು ಅಂತ ನೋಡಿಕೊಳ್ಳಿ

ಟರ್ಮಿನಲ್ ತೆರೆದು ಇದನ್ನು ಕೊಡಿ:

ಯುನೇಮ್ -ಎಂ

ಉತ್ತರದಲ್ಲಿ ಎಕ್ಸ್86 ಮತ್ತು 64 ಕಂಡರೆ ಸಾಮಾನ್ಯ 64 ಬಿಟ್ ಯಂತ್ರ. ಹೆಚ್ಚಿನವರದ್ದು ಇದೇ. ಎಎಆರ್‌ಸಿಎಚ್64 ಅಂತ ಬಂದರೆ ಎಆರ್‌ಎಂ ಪ್ರೊಸೆಸರ್. ಅದಕ್ಕೆ ಬೇರೆ ವಿಎಂ ಇಳಿಸಿಕೊಳ್ಳಬೇಕು. ಇಂಟೆಲ್‌ಗೆ ಮಾಡಿದ್ದನ್ನು ಅದರ ಮೇಲೆ ಓಡಿಸಲು ಹೋದರೆ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಅನ್ನುತ್ತದೆ.

ಎರಡನೆಯದಾಗಿ:

ಎಲ್‌ಡಿಡಿ --ವರ್ಷನ್

ಇದು ನಿಮ್ಮ ಜಿಲಿಬ್‌ಸಿ ಎಷ್ಟು ಹಳೆಯದು ಅಂತ ಹೇಳುತ್ತದೆ. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ಆತುಕೊಂಡಿರುವ ಮೂಲ ಲೈಬ್ರರಿ. ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದೆ ವಿಎಂ ಓಡದೆ 'ಜಿಲಿಬ್‌ಸಿಯ ಇಂಥ ಆವೃತ್ತಿ ಸಿಗಲಿಲ್ಲ' ಅನ್ನುವ ಸಂದೇಶ ಬಂದರೆ ಈ ಎರಡು ಸಂಖ್ಯೆಗಳನ್ನು ಹೋಲಿಸಿ ನೋಡಬಹುದು.

ಎಚ್ಚರಿಕೆ: ಆ ಸಂದೇಶ ಬಂತು ಅಂತ ಎಲ್ಲಿಂದಲೋ ಹೊಸ ಜಿಲಿಬ್‌ಸಿ ಇಳಿಸಿ ಹಳೆಯದರ ಮೇಲೆ ಹಾಕಲು ಹೋಗಬೇಡಿ. ಫಾರೋ ಓಡುತ್ತದೋ ಇಲ್ಲವೋ, ಇಡೀ ಸಿಸ್ಟಂ ಮಲಗಬಹುದು. ಡಿಸ್ಟ್ರೋವನ್ನೇ, ಅಂದರೆ ನೀವು ಬಳಸುವ ಉಬುಂಟು, ಫೆಡೋರಾದಂಥ ಲಿನಕ್ಸನ್ನೇ, ಹೊಸ ಆವೃತ್ತಿಗೆ ಏರಿಸಿ, ಇಲ್ಲವಾದರೆ ಫಾರೋದ ಹಳೆಯ ಆವೃತ್ತಿ ಬಳಸಿ.

ಜಾಗದ ಚಿಂತೆ ಬೇಡ. ಲಾಂಚರ್ (ಇಮೇಜ್‌ಗಳನ್ನು ಮಾಡಿ, ತೆರೆಯುವ ಪ್ರೋಗ್ರಾಂ), ವಿಎಂ, ಒಂದೆರಡು ಇಮೇಜ್ ಸೇರಿದರೂ 1 ಜಿಬಿ ಬಿಟ್ಟುಕೊಂಡಿದ್ದರೆ ಆರಾಮ. ಇಮೇಜ್‌ಗಳ ಸಂಖ್ಯೆ ಹೆಚ್ಚಿದ ಹಾಗೆ ಮಾತ್ರ ಕಣ್ಣಿಡಿ.

ಹಂತ 2: ಲಾಂಚರ್ ಇಳಿಸಿಕೊಳ್ಳಿ

ಫಾರೋ ಹಾಕಿಕೊಳ್ಳಲು ಎರಡು ದಾರಿ ಇವೆ. ಒಂದು ಫಾರೋ ಲಾಂಚರ್, ಇನ್ನೊಂದು ಟರ್ಮಿನಲ್ ದಾರಿ. ಹೊಸಬರಿಗೆ ನಾನು ಲಾಂಚರನ್ನೇ ಹೇಳುವುದು. ಯಾವ ಇಮೇಜ್‌ಗೆ ಯಾವ ವಿಎಂ ಬೇಕು ಅನ್ನುವುದನ್ನು ಅದೇ ನೋಡಿಕೊಳ್ಳುತ್ತದೆ. ಈ ಜೋಡಿ ತಪ್ಪಿದರೆ ಇಮೇಜ್ ತೆರೆಯುವುದೇ ಇಲ್ಲ. ಅದನ್ನು ಕೈಯಾರೆ ಹೊಂದಿಸುತ್ತಾ ಕೂರುವುದು ಮೊದಲ ದಿನದ ಕೆಲಸ ಅಲ್ಲ.

ಡಿಸ್ಟ್ರೋದ ಪ್ಯಾಕೇಜ್ ಪಟ್ಟಿಯಲ್ಲಿ ಹುಡುಕುತ್ತಾ ಸಮಯ ಕಳೆಯಬೇಡಿ. ಅಲ್ಲಿ ಸಿಕ್ಕರೂ ಹಳೆಯದಾಗಿರುವ ಸಾಧ್ಯತೆ ಜಾಸ್ತಿ. ಬ್ರೌಸರ್‌ನಲ್ಲಿ ಫಾರೋ ಡಾಟ್ ಓಆರ್‌ಜಿ ತೆರೆದು ಡೌನ್‌ಲೋಡ್ ಪುಟಕ್ಕೆ ಹೋಗಿ. ಅಲ್ಲಿ ಲಿನಕ್ಸ್‌ಗೆ ಇರುವ ಲಾಂಚರ್ ಆರಿಸಿ. ಒಂದು ಜಿಪ್ ಫೈಲ್ ಬರುತ್ತದೆ.

ಹಂತ 3: ಸರಿಯಾದ ಜಾಗದಲ್ಲಿ ಬಿಚ್ಚಿ

ಜಿಪ್ ಬಿಚ್ಚುವುದರಲ್ಲಿ ಏನಿದೆ ಅನ್ನಿಸಬಹುದು. ಬಂದ ದೂರುಗಳಲ್ಲಿ ಅರ್ಧಕ್ಕೆ ಇದೇ ಕಾರಣ.

ನಿಮ್ಮ ಹೋಮ್ ಫೋಲ್ಡರ್ ಒಳಗೆ ಒಂದು ಜಾಗ ಮಾಡಿಕೊಳ್ಳಿ. ನಾನು ಆಪ್ಸ್ ಅನ್ನುವ ಫೋಲ್ಡರ್ ಇಟ್ಟುಕೊಂಡಿದ್ದೇನೆ. ಜಿಪ್ ಅನ್ನು ಅಲ್ಲಿಗೆ ತಂದು ಬಿಚ್ಚಿ:

ಅನ್‌ಜಿಪ್, ಒಂದು ಸ್ಪೇಸ್, ಆಮೇಲೆ ಇಳಿಸಿಕೊಂಡ ಫೈಲ್‌ನ ಹೆಸರು

ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಬೇಡ. ಇಂಗ್ಲಿಷ್ ಅಲ್ಲದ ಅಕ್ಷರವೂ ಬೇಡ. ಇದು ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಮುಂದೆ ಸ್ಕ್ರಿಪ್ಟ್ ಬರೆಯುವಾಗ ತಲೆನೋವು ತಪ್ಪುತ್ತದೆ.

ಮೂರು ಕಡೆ ಬಿಚ್ಚಬೇಡಿ. ಒಂದು, ವಿಂಡೋಸ್ ಜೊತೆ ಹಂಚಿಕೊಂಡ ಎನ್‌ಟಿಎಫ್‌ಎಸ್ ಪಾರ್ಟಿಶನ್. ಎರಡು, ಪೆನ್‌ಡ್ರೈವ್. ಈ ಎರಡೂ ಕಡೆ 'ಈ ಫೈಲ್ ಓಡಿಸಬಹುದು' ಅನ್ನುವ ಲಿನಕ್ಸ್ ಗುರುತು ಸರಿಯಾಗಿ ಉಳಿಯದೇ ಹೋಗಬಹುದು. ಆಗ ಎಷ್ಟು ಸಲ ಕಮಾಂಡ್ ಕೊಟ್ಟರೂ 'ಪರ್ಮಿಶನ್ ಡಿನೈಡ್' ಅನ್ನುತ್ತದೆ. ಮೂರು, ಟೆಂಪ್ ಫೋಲ್ಡರ್. ಕಂಪ್ಯೂಟರ್ ಮರುಚಾಲೂ ಆದಾಗ ಅದು ಖಾಲಿಯಾಗಬಹುದು, ಜೊತೆಗೆ ನಿಮ್ಮ ಲಾಂಚರ್ ಕೂಡ.

ಹಂತ 4: ಲಾಂಚರ್ ಓಡಿಸಿ

ಬಿಚ್ಚಿದ ಫೋಲ್ಡರ್ ಒಳಗೆ ಹೋಗಿ ಇದನ್ನು ಕೊಡಿ:

./ಫಾರೋ-ಲಾಂಚರ್

ಮುಂದಿನ ಡಾಟ್ ಮತ್ತು ಸ್ಲ್ಯಾಶ್ ಬಿಡಬೇಡಿ. ಈಗ ನಿಂತಿರುವ ಫೋಲ್ಡರ್‌ನಲ್ಲೇ ಇರುವುದನ್ನು ಓಡಿಸು ಅಂತ ಅದರ ಅರ್ಥ. ಬಿಟ್ಟರೆ 'ಕಮಾಂಡ್ ನಾಟ್ ಫೌಂಡ್' ಬರುತ್ತದೆ.

'ಪರ್ಮಿಶನ್ ಡಿನೈಡ್' ಬಂದರೆ ಮೊದಲು ಮೇಲಿನ ಮೂರು ಜಾಗಗಳಲ್ಲಿ ಬಿಚ್ಚಿಲ್ಲ ತಾನೇ ಅಂತ ನೋಡಿ. ಇಲ್ಲ ಅಂತಾದರೆ ಬಿಚ್ಚುವ ಸಾಫ್ಟ್‌ವೇರ್ ಆ ಗುರುತನ್ನು ಅಳಿಸಿರಬೇಕು. ಹೀಗೆ ಮರಳಿ ಕೊಡಬಹುದು:

ಸಿಎಚ್‌ಮಾಡ್ +ಎಕ್ಸ್ ಫಾರೋ-ಲಾಂಚರ್

ಒಳಗಿರುವ ವಿಎಂ ಫೈಲ್‌ಗೂ ಇದೇ ಗತಿಯಾಗಿರಬಹುದು. ಒಂದೊಂದಕ್ಕೇ ಗುರುತು ಕೊಡುತ್ತಾ ಕೂರುವ ಬದಲು ಫೋಲ್ಡರ್ ಅಳಿಸಿ, ಟರ್ಮಿನಲ್‌ನ ಅನ್‌ಜಿಪ್‌ನಿಂದಲೇ ಮತ್ತೆ ಬಿಚ್ಚುವುದು ಬೇಗ ಮುಗಿಯುವ ಕೆಲಸ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ಏನೇ ಆದರೂ ಸುಡೋ ಹಾಕಿ ಓಡಿಸಬೇಡಿ. ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ. ಲಿನಕ್ಸ್‌ನಲ್ಲಿ ಏನಾದರೂ ಓಡದಿದ್ದರೆ ಮುಂದೆ ಸುಡೋ ಸೇರಿಸಿ ನೋಡುವುದು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದೆ. ನಾನೂ ಮಾಡಿದ್ದೆ. ಲಾಂಚರ್ ಆ ಸಲ ಮಾಡಿದ ಫೋಲ್ಡರ್‌ಗಳೆಲ್ಲ ಅಡ್ಮಿನ್ ಹೆಸರಿಗೆ ಹೋದವು. ಮರುದಿನ ಮಾಮೂಲಿಯಾಗಿ ತೆರೆದರೆ ಇಮೇಜ್ ಸೇವ್ ಆಗಲೇ ಇಲ್ಲ. ಈಗಾಗಲೇ ಹಾಗೆ ಮಾಡಿಕೊಂಡಿದ್ದರೆ, ಆ ಫೋಲ್ಡರ್‌ನ ಒಡೆತನವನ್ನು ನಿಮ್ಮ ಹೆಸರಿಗೆ ತನ್ನಿ:

ಸುಡೋ ಸಿಎಚ್‌ಓನ್ -ಆರ್, ನಿಮ್ಮ ಯೂಸರ್ ಹೆಸರು, ಆಮೇಲೆ ಫೋಲ್ಡರ್‌ನ ಪೂರ್ತಿ ದಾರಿ

ಇಲ್ಲಿ ಆರ್ ದೊಡ್ಡಕ್ಷರ. ಒಳಗಿರುವ ಎಲ್ಲದಕ್ಕೂ ಅನ್ವಯಿಸು ಅಂತ ಅರ್ಥ. ಫೋಲ್ಡರ್ ದಾರಿಯನ್ನು ಎರಡು ಸಲ ಓದಿ ಎಂಟರ್ ಒತ್ತಿ.

ಹಂತ 5: ಮೊದಲ ಇಮೇಜ್ ಮಾಡಿಕೊಳ್ಳಿ

ಲಾಂಚರ್ ತೆರೆದಾಗ ಪಟ್ಟಿ ಖಾಲಿ ಇರುತ್ತದೆ. 'ಇನ್‌ಸ್ಟಾಲ್ ಆಯ್ತು, ಆದರೆ ಒಳಗೆ ಏನೂ ಇಲ್ಲ' ಅಂತ ಕೆಲವರು ಇಲ್ಲೇ ನಿಂತುಬಿಡುತ್ತಾರೆ. ಲಾಂಚರ್ ಬರೀ ಬಾಗಿಲು. ಕೆಲಸ ಮಾಡುವ ಕೋಣೆಯನ್ನು ನೀವೇ ಮಾಡಿಕೊಳ್ಳಬೇಕು.

ಮೇಲಿನ ನ್ಯೂ ಗುಂಡಿ ಒತ್ತಿ. ಟೆಂಪ್ಲೇಟ್‌ಗಳ ಪಟ್ಟಿ ಬರುತ್ತದೆ. ಟೆಂಪ್ಲೇಟ್ ಅಂದರೆ ಹೊಸ ಇಮೇಜ್‌ಗೆ ಅಚ್ಚು. ಅಫೀಶಿಯಲ್ ಡಿಸ್ಟ್ರಿಬ್ಯೂಷನ್ಸ್ ಗುಂಪಿನಲ್ಲಿ, ಹೆಸರಿನ ಪಕ್ಕ ಸ್ಟೇಬಲ್ ಅಂತ ಇರುವ 64 ಬಿಟ್ ಟೆಂಪ್ಲೇಟ್ ಆರಿಸಿ. ಡೆವಲಪ್‌ಮೆಂಟ್ ಅಂತ ಇರುವುದರ ಸಂಖ್ಯೆ ದೊಡ್ಡದಿರುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಅದು ಇನ್ನೂ ಕಟ್ಟುತ್ತಿರುವ ಆವೃತ್ತಿ. ಕಲಿಯುವಾಗ ತಪ್ಪು ನಿಮ್ಮದೋ ಫಾರೋದ್ದೋ ಅಂತ ಗೊತ್ತಾಗದೇ ಹೋಗುವುದು ಬೇಡ.

ಇಮೇಜ್‌ಗೆ ಒಂದು ಹೆಸರು ಕೊಟ್ಟು ಕ್ರಿಯೇಟ್ ಒತ್ತಿ. ಟೆಂಪ್ಲೇಟ್ ಇಳಿಯುವವರೆಗೆ ಇಂಟರ್ನೆಟ್ ಬೇಕು. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಅದನ್ನು ಆರಿಸಿ ಲಾಂಚ್ ಒತ್ತಿ. ಮೊದಲ ಸಲ ಆ ಆವೃತ್ತಿಗೆ ಬೇಕಾದ ವಿಎಂ ಕೂಡ ಇಳಿಯುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ಏನೂ ಆಗದ ಹಾಗೆ ಕಾಣಬಹುದು. ಗುಂಡಿಯನ್ನು ಪದೇ ಪದೇ ಒತ್ತಬೇಡಿ. ಒಂದೇ ಇಮೇಜ್ ಎರಡು ಸಲ ತೆರೆದುಕೊಂಡರೆ ಎರಡೂ ಒಂದೇ ಫೈಲ್‌ಗೆ ಬರೆಯಲು ಹೊರಡುತ್ತವೆ. ಕೊನೆಗೆ ಸೇವ್ ಮಾಡಿದ್ದು ಮೊದಲಿನದನ್ನು ನುಂಗಿಹಾಕುತ್ತದೆ.

ಇಮೇಜ್‌ಗಳು ಸಾಮಾನ್ಯವಾಗಿ ಹೋಮ್ ಫೋಲ್ಡರ್‌ನ ಫಾರೋ ಫೋಲ್ಡರ್ ಒಳಗೆ, ಇಮೇಜಸ್ ಅನ್ನುವ ಜಾಗದಲ್ಲಿ ಕೂರುತ್ತವೆ. ಫಾರೋದ ಮೊದಲ ಅಕ್ಷರ ದೊಡ್ಡದು. ಪಕ್ಕದಲ್ಲೇ ವಿಎಂಗಳಿಗೂ ಒಂದು ಫೋಲ್ಡರ್ ಇರುತ್ತದೆ. ಬ್ಯಾಕಪ್ ತೆಗೆದುಕೊಳ್ಳುವಾಗ ಬೇಕಾಗುವುದು ಇಮೇಜಸ್ ಫೋಲ್ಡರ್.

ಇಲ್ಲಿ ಓಡದೇ ಹೋದರೆ

ಲಾಂಚ್ ಒತ್ತಿದರೂ ವಿಂಡೋ ಬರದಿದ್ದರೆ ಊಹೆ ಮಾಡುತ್ತಾ ಕೂರಬೇಡಿ. ಲಾಂಚರನ್ನು ಟರ್ಮಿನಲ್‌ನಿಂದಲೇ ತೆರೆಯಿರಿ ಮತ್ತು ಅಲ್ಲಿ ಏನು ಬರುತ್ತದೆ ಓದಿ. ಕಾರಣ ಬಹುತೇಕ ಅಲ್ಲೇ ಸಿಗುತ್ತದೆ.

'ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್' ಅಂತಿದ್ದರೆ ಯಾವುದೋ ಲೈಬ್ರರಿ ಇಲ್ಲ. ಅದರ ಹೆಸರು ಅದೇ ಸಾಲಿನಲ್ಲಿದೆ. ನಿಮ್ಮ ಡಿಸ್ಟ್ರೋದ ಪ್ಯಾಕೇಜ್ ಸಾಧನದಲ್ಲಿ ಆ ಹೆಸರು ಹುಡುಕಿ ಹಾಕಿಕೊಳ್ಳಿ. ಉಬುಂಟು, ಡೆಬಿಯನ್‌ನಲ್ಲಿ ಆಪ್ಟ್, ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮನ್. ಸುಡೋ ಬೇಕಾಗುವುದು ಇಲ್ಲಿ, ಫಾರೋಗೆ ಅಲ್ಲ.

'ಪಿಥ್ರೆಡ್ ಸೆಟ್‌ಶೆಡ್‌ಪ್ಯಾರಮ್ ಫೇಲ್ಡ್' ಅನ್ನುವ ಸಾಲು ಹಳೆಯ ವಿಎಂಗಳಲ್ಲಿ ಬರುತ್ತದೆ. ನೋಡಲು ಭಯಂಕರ, ವಿಷಯ ಸಣ್ಣದು. ವಿಎಂ ಒಳಗೆ ಎದೆಬಡಿತದ ಹಾಗೆ ಟಿಕ್ ಟಿಕ್ ಅನ್ನುವ ಒಂದು ಥ್ರೆಡ್ ಇದೆ. ಅದಕ್ಕೆ ಸ್ವಲ್ಪ ಹೆಚ್ಚಿನ ಆದ್ಯತೆ ಬೇಕು, ಲಿನಕ್ಸ್ ಕೊಡಲಿಲ್ಲ ಅಂತ ಹೇಳುತ್ತಿದೆ, ಅಷ್ಟೆ. ಪರಿಹಾರ ಹೀಗೆ: ಇಟಿಸಿ ಒಳಗಿನ ಸೆಕ್ಯೂರಿಟಿ, ಅದರೊಳಗಿನ ಲಿಮಿಟ್ಸ್ ಡಾಟ್ ಡಿ ಫೋಲ್ಡರ್‌ನಲ್ಲಿ ಫಾರೋ ಡಾಟ್ ಕಾನ್ಫ್ ಅನ್ನುವ ಫೈಲ್ ಮಾಡಿ. ಅದರಲ್ಲಿ ಎರಡೇ ಸಾಲು:

* ಹಾರ್ಡ್ ಆರ್‌ಟಿಪ್ರಿಯೋ 2
* ಸಾಫ್ಟ್ ಆರ್‌ಟಿಪ್ರಿಯೋ 2

ಸೇವ್ ಮಾಡಿದ ಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು. ಫೈಲ್ ಸರಿಯಾಗಿ ಬರೆದೂ ಏನೂ ಬದಲಾಗಲಿಲ್ಲ ಅನ್ನುವವರು ಈ ಲಾಗೌಟ್ ಮರೆತಿರುತ್ತಾರೆ.

ವಿಂಡೋ ಬಂದು ಅಕ್ಷರ ಇರುವೆ ಗಾತ್ರ ಇದ್ದರೆ ನಿಮ್ಮದು ಹೆಚ್ಚು ರೆಸಲ್ಯೂಶನ್ ಪರದೆ. ಫಾರೋದ ಸೆಟ್ಟಿಂಗ್ಸ್ ತೆರೆದು ಅಪಿಯರೆನ್ಸ್ ಭಾಗದಲ್ಲಿ ಫಾಂಟ್ ಗಾತ್ರ ಹೆಚ್ಚಿಸಿಕೊಳ್ಳಿ.

ಹಂತ 6: ನಿಜವಾಗಿಯೂ ಓಡುತ್ತಿದೆಯಾ ಅಂತ ಪರೀಕ್ಷಿಸಿ

ಮೇಲಿನ ಮೆನುವಿನಿಂದ ಪ್ಲೇಗ್ರೌಂಡ್ ತೆರೆಯಿರಿ. ಸಣ್ಣ ಪುಟ್ಟ ಸಾಲು ಬರೆದು ಓಡಿಸಿ ನೋಡುವ ಜಾಗ ಅದು. ಇದನ್ನು ಬರೆಯಿರಿ:

3 + 4 * 2

ಸಾಲನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್ ಮತ್ತು ಪಿ ಒತ್ತಿ. ಇಲ್ಲಿ ಪಿ ಅಂದರೆ ಪ್ರಿಂಟರ್ ಅಲ್ಲ, ಉತ್ತರವನ್ನು ಪಕ್ಕದಲ್ಲೇ ತೋರಿಸು ಅಂತ. 14 ಬರಬೇಕು. ಶಾಲೆಯಲ್ಲಿ ಕಲಿತ ಲೆಕ್ಕಕ್ಕೆ 11 ಬರಬೇಕಿತ್ತಲ್ವಾ? ಇನ್‌ಸ್ಟಾಲ್ ಕೆಟ್ಟಿಲ್ಲ. ಫಾರೋಗೆ ಕೂಡಿಸು, ಗುಣಿಸು ಎರಡೂ ಸಂದೇಶಗಳೇ, ಎರಡಕ್ಕೂ ಒಂದೇ ದರ್ಜೆ. ಎಡದಿಂದ ಬಲಕ್ಕೆ ಬಂದ ಹಾಗೆ ಮಾಡಿಕೊಂಡು ಹೋಗುತ್ತದೆ. 3ಕ್ಕೆ 4 ಕೂಡಿಸಿ 7, ಅದನ್ನು 2ರಿಂದ ಗುಣಿಸಿ 14. ನಿಮಗೆ 11 ಬೇಕಾದರೆ 3 + (4 * 2) ಅಂತ ಕಂಸ ಹಾಕಿ.

(1/3) + (2/3) ಕೊಟ್ಟು ನೋಡಿ. 0.999 ಅಂತ ಅಲ್ಲ, ಸರಿಯಾಗಿ 1 ಬರುತ್ತದೆ. ಫಾರೋ ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳುತ್ತದೆ. 100 ಬರೆದು ಒಂದು ಸ್ಪೇಸ್ ಬಿಟ್ಟು ಫ್ಯಾಕ್ಟೋರಿಯಲ್ ಅಂತ ಬರೆದರೆ 158 ಅಂಕೆಗಳ ಸಂಖ್ಯೆ ಬರುತ್ತದೆ. ಪೂರ್ತಿಯಾಗಿ.

ಈಗ ಬೇಕಂತಲೇ ಒಂದು ತಪ್ಪು ಮಾಡಿ. 3 ಡ್ಯಾನ್ಸ್ ಅಂತ ಬರೆದು ಓಡಿಸಿ. ಕೆಲವು ಆವೃತ್ತಿಗಳು 'ಇಂಥ ಸಂದೇಶ ಗೊತ್ತಿಲ್ಲ, ಮುಂದುವರಿಸಲಾ' ಅಂತ ಕೇಳುತ್ತವೆ, ಹೂಂ ಅನ್ನಿ. ಒಂದು ದೊಡ್ಡ ವಿಂಡೋ ತೆರೆಯುತ್ತದೆ. ಫಾರೋ ಕ್ರ್ಯಾಶ್ ಆಯಿತು ಅಂದುಕೊಂಡು ಮುಚ್ಚಿ ಓಡಬೇಡಿ. ಅದು ಡಿಬಗರ್. ಪ್ರೋಗ್ರಾಂ ಎಲ್ಲಿ ಎಡವಿತೋ ಅಲ್ಲೇ ನಿಂತು ನಿಮಗಾಗಿ ಕಾಯುತ್ತಿದೆ. ಇಲ್ಲದ ಮೆಥಡ್ ಅನ್ನು, ಅಂದರೆ ಆ ಸಂದೇಶ ಬಂದಾಗ ಓಡಬೇಕಾದ ಕೋಡನ್ನು, ಅಲ್ಲೇ ಬರೆದು, ಅಲ್ಲಿಂದಲೇ ಮುಂದೆ ಓಡಿಸಬಹುದು. ನನ್ನ ಕೇಳಿದರೆ ಫಾರೋ ಕಲಿಯಲು ಇದೊಂದೇ ಕಾರಣ ಸಾಕು. ಈಗ ಸುಮ್ನೆ ನೋಡಿ ಮುಚ್ಚಿ.

ಯಾವುದಾದರೂ ಸಾಲು ಮುಗಿಯದೆ ಸುತ್ತುತ್ತಲೇ ಇದ್ದು ಫಾರೋ ಹೆಪ್ಪುಗಟ್ಟಿದ ಹಾಗೆ ಕಂಡರೆ ಆಲ್ಟ್ ಹಿಡಿದು ಡಾಟ್ ಒತ್ತಿ. ಓಡುತ್ತಿರುವುದು ನಿಲ್ಲುತ್ತದೆ. ವಿಎಂ ಅನ್ನು ಕೊಲ್ಲುವುದು ಕೊನೆಯ ದಾರಿ.

ಹಂತ 7: ಸೇವ್ ಅನ್ನುವುದರ ಎರಡು ಅರ್ಥ

'ಸೇವ್ ಮಾಡಿದ್ದೆ, ಹೋಯಿತು' ಅನ್ನುವವರೆಲ್ಲ ಎಡವಿರುವುದು ಇಲ್ಲೇ.

ಸಿಸ್ಟಂ ಬ್ರೌಸರ್ ತೆರೆದು ಒಂದು ಪ್ಯಾಕೇಜ್ ಮಾಡಿ, ಅದರಲ್ಲಿ ಒಂದು ಕ್ಲಾಸ್ ಬರೆಯಿರಿ. ಈ ಬ್ರೌಸರ್ ಇಂಟರ್ನೆಟ್ ಬ್ರೌಸರ್ ಅಲ್ಲ, ಕ್ಲಾಸ್‌ಗಳನ್ನು ನೋಡಿ ತಿದ್ದುವ ಜಾಗ. ಕ್ಲಾಸ್‌ನ ನಮೂನೆ ತಾನಾಗಿಯೇ ಕೆಳಗೆ ಬರುತ್ತದೆ, ಹೆಸರು ಬದಲಿಸಿದರೆ ಆಯಿತು. ಹೆಸರಿನ ಮೊದಲ ಅಕ್ಷರ ದೊಡ್ಡದಿರಲಿ.

ಈಗ ಕಂಟ್ರೋಲ್ ಮತ್ತು ಎಸ್ ಒತ್ತಿ. ಆ ಕ್ಲಾಸ್ ಅಥವಾ ಮೆಥಡ್ ಕಂಪೈಲ್ ಆಗಿ ಓಡುತ್ತಿರುವ ಫಾರೋ ಒಳಗೆ ಸೇರಿಕೊಳ್ಳುತ್ತದೆ. ಇದು ಮೊದಲನೇ ಸೇವ್. ಒತ್ತದಿದ್ದರೆ ಪಠ್ಯದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಗುರುತು ಉಳಿದಿರುತ್ತದೆ. ಆ ಗುರುತು ಇದ್ದರೆ ನೀವು ಬರೆದದ್ದು ಇನ್ನೂ ಬರೀ ಅಕ್ಷರ, ಕೋಡ್ ಅಲ್ಲ.

ಆದರೆ ಈ ಸೇವ್ ಆದಾಗ ಇಮೇಜ್ ಫೈಲ್ ಡಿಸ್ಕ್‌ನಲ್ಲಿ ಬದಲಾಗುವುದಿಲ್ಲ. ಅದಕ್ಕೆ ಎರಡನೇ ಸೇವ್ ಬೇಕು. ಮೇಲೆ ಎಡಗಡೆಯ ಫಾರೋ ಮೆನುವಿನಲ್ಲಿ ಸೇವ್ ಒತ್ತಿ, ಅಥವಾ ಮುಗಿಸುವಾಗ ಸೇವ್ ಅಂಡ್ ಕ್ವಿಟ್. ಬರೀ ಕ್ವಿಟ್ ಕೊಟ್ಟರೆ ಮುಂದಿನ ಸಲ ಇಮೇಜ್ ಹಿಂದಿನ ಸ್ಥಿತಿಯಲ್ಲೇ ಏಳುತ್ತದೆ, ನಿಮ್ಮ ಕ್ಲಾಸ್ ಇಲ್ಲದೆ.

ಹಾಗೆ ಆಗಿಬಿಟ್ಟರೂ, ಕರೆಂಟ್ ಹೋದರೂ, ವಿಎಂ ಬಿದ್ದರೂ ಅಳಬೇಡಿ. ಫಾರೋದಲ್ಲಿ ಎಪಿಸಿಯಾ ಅನ್ನುವ ಸಾಧನ ಇದೆ. ನೀವು ಮಾಡಿದ ಪ್ರತಿಯೊಂದು ಕೋಡ್ ಬದಲಾವಣೆಯನ್ನೂ ಅದು ಆಗಿಂದಾಗಲೇ ಡಿಸ್ಕ್‌ಗೆ ಬರೆದಿಟ್ಟಿರುತ್ತದೆ. ಮೆನುವಿನಲ್ಲಿ ಕೋಡ್ ಚೇಂಜಸ್ ಅಂತ ಹುಡುಕಿ. ಹಿಂದಿನ ಸಲದ ಪಟ್ಟಿ ತೆರೆದು, ಬೇಕಾದ್ದನ್ನು ಆರಿಸಿ ಅಪ್ಲೈ ಮಾಡಿ. ಕೋಡ್ ವಾಪಸ್ ಬರುತ್ತದೆ. ಪ್ಲೇಗ್ರೌಂಡ್‌ನಲ್ಲಿ ಮಾಡಿಕೊಂಡಿದ್ದ ಆಬ್ಜೆಕ್ಟ್‌ಗಳು ಮಾತ್ರ ಬರುವುದಿಲ್ಲ. ಹುಡುಕುವುದಕ್ಕೆ ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಸ್ಪಾಟರ್ ಬರುತ್ತದೆ. ಫಾರೋದಲ್ಲಿ ಏನು ಸಿಗದಿದ್ದರೂ ಅಲ್ಲಿ ಟೈಪ್ ಮಾಡಿ ನೋಡಿ.

ಒಂದು ವಾರಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಕೋಡ್ ಆದರೆ ಇಮೇಜ್ ಒಂದನ್ನೇ ನಂಬಬೇಡಿ. ಐಸ್‌ಬರ್ಗ್ ಅನ್ನುವ ಗಿಟ್ ಸಾಧನ ಒಳಗೇ ಇದೆ. ಅದರ ಮೂಲಕ ಕಮಿಟ್ ಮಾಡಿದರೆ, ಅಂದರೆ ಕೋಡನ್ನು ಗಿಟ್‌ಗೆ ಸೇರಿಸಿದರೆ, ಪ್ರತಿ ಕ್ಲಾಸ್‌ಗೂ ಒಂದು ಮಾಮೂಲಿ ಪಠ್ಯ ಫೈಲ್ ಸಿಗುತ್ತದೆ. 'ನನ್ನ ಕೋಡ್ ಯಾವ ಫೈಲ್‌ನಲ್ಲಿದೆ' ಅಂತ ಕೇಳುವವರಿಗೆ ಕೊನೆಗೂ ತೋರಿಸಲು ಒಂದು ಫೈಲ್ ಇದೆ ಅನ್ನಿ. ಇಮೇಜ್ ಕೆಟ್ಟರೆ ಎಸೆದು, ಹೊಸದು ಮಾಡಿ, ಗಿಟ್‌ನಿಂದ ಕೋಡ್ ಎಳೆದುಕೊಂಡರಾಯಿತು.

ಟರ್ಮಿನಲ್ ದಾರಿ, ಬೇಕಾದವರಿಗೆ

ಸರ್ವರ್‌ನಲ್ಲಿ ಅಥವಾ ಸ್ಕ್ರಿಪ್ಟ್ ಒಳಗಿಂದ ಫಾರೋ ಬೇಕಾದರೆ ಲಾಂಚರ್ ಬೇಡ. ಮೊದಲು ಒಂದು ಖಾಲಿ ಫೋಲ್ಡರ್ ಮಾಡಿ ಅದರೊಳಗೆ ಹೋಗಿ. ಎಲ್ಲ ಫೈಲ್‌ಗಳೂ ನೀವು ನಿಂತಿರುವ ಜಾಗದಲ್ಲೇ ಬೀಳುತ್ತವೆ. ಆಮೇಲೆ ಡಬ್ಲ್ಯುಗೆಟ್ ಬಳಸಿ ಗೆಟ್ ಡಾಟ್ ಫಾರೋ ಡಾಟ್ ಓಆರ್‌ಜಿ ವಿಳಾಸದ 64 ಅನ್ನುವ ಸ್ಕ್ರಿಪ್ಟ್ ಇಳಿಸಿ, ಬ್ಯಾಷ್‌ನಿಂದ ಓಡಿಸಿ. ಇಳಿಸುವುದು, ಓಡಿಸುವುದು ಎರಡನ್ನೂ ಒಂದೇ ಸಾಲಿನಲ್ಲಿ ಪೈಪ್ ಹಾಕಿ ಮಾಡುವುದು ರೂಢಿ. ನಾನು ಮೊದಲು ಫೈಲ್ ಆಗಿ ಇಳಿಸಿ, ಒಮ್ಮೆ ಕಣ್ಣಾಡಿಸಿ, ಆಮೇಲೆ ಓಡಿಸುತ್ತೇನೆ. ಇಂಟರ್ನೆಟ್‌ನಿಂದ ಬಂದ ಯಾವ ಸ್ಕ್ರಿಪ್ಟ್‌ಗಾದರೂ ಇದೇ ಒಳ್ಳೆಯ ಅಭ್ಯಾಸ.

ಮುಗಿದ ಮೇಲೆ ಇಮೇಜ್, ಚೇಂಜಸ್, ಸೋರ್ಸಸ್ ಜೊತೆ ಎರಡು ಸಣ್ಣ ಸ್ಕ್ರಿಪ್ಟ್‌ಗಳು ಕಾಣುತ್ತವೆ. ಒಂದು ಫಾರೋ, ಇನ್ನೊಂದು ಫಾರೋ-ಯುಐ. ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಬರೀ ಫಾರೋ ಅನ್ನುವುದು ವಿಂಡೋ ಇಲ್ಲದೆ ಓಡುತ್ತದೆ. ಅದು ಸರ್ವರ್‌ಗೆ, ಟೆಸ್ಟ್‌ಗಳಿಗೆ. ವಿಂಡೋ ಬೇಕಾದರೆ ಹೀಗೆ ಕೊಡಿ:

./ಫಾರೋ-ಯುಐ ಫಾರೋ.ಇಮೇಜ್

ಇಮೇಜ್ ಫೈಲ್ ಹೆಸರಿನಲ್ಲಿ ಮೊದಲ ಅಕ್ಷರ ಮಾತ್ರ ದೊಡ್ಡದು.

ಮೆನುವಿನಲ್ಲಿ ಐಕಾನ್ ಬೇಕೆ?

ಪ್ರತಿ ಸಲ ಟರ್ಮಿನಲ್ ತೆರೆಯುವುದು ಬೇಸರ ಅನ್ನಿಸಿದರೆ ಹೋಮ್ ಫೋಲ್ಡರ್‌ನ ಡಾಟ್ ಲೋಕಲ್, ಶೇರ್, ಅಪ್ಲಿಕೇಶನ್ಸ್ ಫೋಲ್ಡರ್‌ನಲ್ಲಿ ಡಾಟ್ ಡೆಸ್ಕ್‌ಟಾಪ್ ಅಂತ ಕೊನೆಯಾಗುವ ಫೈಲ್ ಮಾಡಿ. ಮೊದಲ ಸಾಲು ಚೌಕ ಕಂಸದಲ್ಲಿ ಡೆಸ್ಕ್‌ಟಾಪ್ ಎಂಟ್ರಿ. ಕೆಳಗೆ ಟೈಪ್, ನೇಮ್, ಎಕ್ಸೆಕ್, ಐಕಾನ್. ಈ ಎಲ್ಲ ಪದಗಳ ಮೊದಲ ಅಕ್ಷರ ದೊಡ್ಡದು. ಟೈಪ್ ಮುಂದೆ ಅಪ್ಲಿಕೇಶನ್ ಅಂತ ಇರಲಿ, ಅದರ ಮೊದಲ ಅಕ್ಷರವೂ ದೊಡ್ಡದು. ಎಕ್ಸೆಕ್‌ನಲ್ಲಿ ಲಾಂಚರ್‌ನ ಪೂರ್ತಿ ದಾರಿ ಕೊಡಬೇಕು. ಅಲೆ ಗುರುತು, ಅಂದರೆ ಟಿಲ್ಡ್, ಇಲ್ಲಿ ನಡೆಯುವುದಿಲ್ಲ. ಐಕಾನ್ ಒತ್ತಿದರೂ ಏನೂ ಆಗುತ್ತಿಲ್ಲ ಅನ್ನುವವರು ಮೊದಲು ಅದನ್ನೇ ನೋಡಿ.

ಹೊಸ ಆವೃತ್ತಿ ಬಂದಾಗ, ಅಥವಾ ಬೇಡ ಅನ್ನಿಸಿದಾಗ

ಹಳೆಯ ಇಮೇಜ್ ಅನ್ನೇ ಹೊಸ ಆವೃತ್ತಿಗೆ ಏರಿಸಲು ಹೋಗಬೇಡಿ. ಲಾಂಚರ್‌ನಲ್ಲಿ ಹೊಸ ಆವೃತ್ತಿಯ ಇನ್ನೊಂದು ಇಮೇಜ್ ಮಾಡಿ, ಐಸ್‌ಬರ್ಗ್‌ನಿಂದ ಕೋಡ್ ತನ್ನಿ. ಎರಡೂ ಅಕ್ಕಪಕ್ಕ ಇರಲು ಏನೂ ತೊಂದರೆ ಇಲ್ಲ. ಹೊಸದರಲ್ಲಿ ಎಲ್ಲ ಓಡುತ್ತಿದೆ ಅಂತ ಖಾತ್ರಿಯಾದ ಮೇಲೆ ಹಳೆಯದನ್ನು ಅಳಿಸಿ.

ಪೂರ್ತಿ ತೆಗೆಯಬೇಕಾದರೆ ಅನ್‌ಇನ್‌ಸ್ಟಾಲ್ ಗುಂಡಿ ಹುಡುಕಬೇಡಿ, ಇಲ್ಲ. ಲಾಂಚರ್ ಫೋಲ್ಡರ್, ಹೋಮ್‌ನಲ್ಲಿರುವ ಫಾರೋ ಫೋಲ್ಡರ್, ಡಾಟ್ ಕಾನ್ಫಿಗ್ ಒಳಗಿನ ಫಾರೋ ಫೋಲ್ಡರ್, ನೀವೇ ಮಾಡಿದ ಡೆಸ್ಕ್‌ಟಾಪ್ ಫೈಲ್. ಇವನ್ನು ಅಳಿಸಿದರೆ ಮುಗಿಯಿತು. ಲಿಮಿಟ್ಸ್ ಡಾಟ್ ಡಿ ಒಳಗೆ ಫೈಲ್ ಮಾಡಿದ್ದರೆ ಅದನ್ನೂ ತೆಗೆಯಿರಿ. ಇಮೇಜಸ್ ಫೋಲ್ಡರ್ ಅಳಿಸುವ ಮುಂಚೆ ಮಾತ್ರ ಕಮಿಟ್ ಮಾಡದ ಕೋಡ್ ಏನಾದರೂ ಉಳಿದಿದೆಯಾ ಅಂತ ಒಮ್ಮೆ ತೆರೆದು ನೋಡಿ.